ಅರ ಉಜ್ಜುವ ಸದ್ದು

ನನ್ನ ಗಂಡ ಅಂಬರೀಶ ಬೆಳ್ಳಟ್ಟಿಯ ಸುತ್ತಮುತ್ತ ಜಾಲಿ ಕಡಿಯುತ್ತಿದ್ದರು. ಪೆಟ್ರೋಲ್ ಗರಗಸದ ಸಣ್ಣ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಬರಲೆಂದು ಹೊಗೆ ಹೋಗುವ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಲಕ್ಷ್ಮೇಶ್ವರದ ಮೆಕ್ಯಾನಿಕ್ ತಾರೀಖನಿಂದ ಆ ಗರಗಸವನ್ನು ರಿಪೇರಿ ಮಾಡಿಸಿದೆ. ಅವರ ಕೈಕೆಲಸ ಉಳಿದಿರುವುದು ಅದರಲ್ಲಷ್ಟೇ.

“ಅಣ್ಣಾರು ಭಾಳ ಉಜ್ಜ್ಯಾರ್ರಿ ಅಕ್ಕಾರ. ಇನ್ನೂ ಉಜ್ಜಿದರ ಪಿಸ್ಟನ್ ರಿಂಗ್ ಆ ತೂತಿನ್ಯಾಗ ಸಿಕ್ಕೊಂಡು ಎಂಜಿನ್ ಒಡೀತೈತಿ,” ಎಂದ ತಾರೀಖ.

ಆಮೇಲೆ ಮಧ್ಯಾಹ್ನದ ಹೊತ್ತು ಒಳಕೋಣೆಯಿಂದ ಅರ ಉಜ್ಜುವ ಸದ್ದು ಬರತೊಡಗಿತು. ನಾನು ಹೋದರೆ ನಿಲ್ಲುತ್ತಿತ್ತು. ಗರಗಸ ಮುಚ್ಚಿದ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಅದನ್ನು ಮತ್ತೆ ತಾರೀಖನಲ್ಲಿಗೆ ಒಯ್ದೆ. ಎಂಜಿನ್ ಬಿಚ್ಚಿದವನೇ ಸಿಟ್ಟಾದ.

“ಯಾರ್ರೀ ಉಜ್ಜಿದವರು? ಅಲ್ಯೂಮಿನಿಯಂ ಹೊಸಾದು ಹೊಳ್ಯಾಕತ್ತೈತಿ! ಎಂ.ಎ. ಮುಗಿಸಿ ಮೆಕ್ಯಾನಿಕ್ ಆಗಾಕ ಹೊಂಟೀರೇನು?”

“ನಾ ಉಜ್ಜಿಲ್ಲಪ್ಪಾ.”

ಅವನು ನನ್ನ ಮುಖ ನೋಡಿ ದನಿ ತಗ್ಗಿಸಿದ. “ಇನ್ನೊಂದು ಕೂದಲೆಳಿ ಹೋದರ ಮುಗೀತ್ರಿ. ಇಲ್ಲೇ ಬಿಡ್ರಿ, ಉಳೀತೈತಿ.”

ಬಿಟ್ಟು ಬಂದೆ. ಅಂಗಡಿಯಲ್ಲಿ ಅದಕ್ಕೇನೂ ಆಗಲಿಲ್ಲ. ನನ್ನ ಮನೆಯಲ್ಲೂ ಯಾವ ಸದ್ದೂ ಇರಲಿಲ್ಲ. ವಾರ ಕಳೆಯುವುದರೊಳಗೆ ಹೋಗಿ ಗರಗಸವನ್ನು ಮನೆಗೆ ತಂದೆ.

ಮರುದಿನ ಮಧ್ಯಾಹ್ನ ಸದ್ದು ಶುರುವಾಯಿತು. ನಾನು ಒಳಗೆ ಹೋಗಲಿಲ್ಲ.