ಶೂಳಗಿರಿ ಏರಿನಲ್ಲಿ ಕುದಿದ ವ್ಯಾನು

"ಮುಚ್ಚಳ ಮುಟ್ಬೇಡಿ!"

ರೇಡಿಯೇಟರಿನ ಮುಚ್ಚಳದತ್ತ ಚಾಚಿದ ನಾಗವೇಣಿಯ ಕೈ ಗಾಳಿಯಲ್ಲೇ ನಿಂತಿತು. ಶೂಳಗಿರಿ ಹತ್ತಿರದ ಏರಿನಲ್ಲಿ, ರಸ್ತೆಯ ಪಕ್ಕ, ಅಪ್ಪನ ಹಳೆಯ ವ್ಯಾನು ಬಾನೆಟ್ ತೆರೆದುಕೊಂಡು ಬುಸಬುಸನೆ ಆವಿ ಬಿಡುತ್ತಿತ್ತು.

ತಿರುಗಿ ನೋಡಿದಳು. ಕಾರ್ಖಾನೆಯ ಸಮವಸ್ತ್ರದಲ್ಲೇ ಬೈಕ್ ನಿಲ್ಲಿಸಿ ಓಡಿ ಬಂದವನು... ಗೋಪಿನಾಥ್!

ರಸ್ತೆಯಲ್ಲಿ ಇಷ್ಟು ಜನ ಓಡಾಡುವಾಗ ಇವನೇ ಬರಬೇಕಿತ್ತೇ?

ಹೋದ ವರ್ಷ ಅವಲಪಲ್ಲಿಯ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಂದು ಗುಲಾಬಿ ಲೋಡ್ ಇಳಿಸಿ, ತಾನೇ ವ್ಯಾನ್ ಓಡಿಸಿಕೊಂಡು ತಡವಾಗಿ ಬಂದ ಅವಳನ್ನು ಬಾಗಿಲಲ್ಲಿ ಒಮ್ಮೆ ನೋಡಿದ್ದ. ಅವಳು ಸೀರೆ ಉಟ್ಟು ಕೇಸರಿಬಾತ್ ತರುವಷ್ಟರಲ್ಲಿ ಎದ್ದು ಹೋಗಿದ್ದ. ಅವನ ತಟ್ಟೆ ಇಟ್ಟಲ್ಲೇ ಉಳಿಯಿತು.

ಹೆಣ್ಣು ನೋಡಲು ಬಂದವನು ಸಿಹಿ ಮುಟ್ಟದೆ ಎದ್ದರೆ ಒಲ್ಲೆ ಎಂದೇ ಅರ್ಥ. ಅಜ್ಜಿ ಅಂಜಿನಮ್ಮನ ಲೆಕ್ಕ ಅದು. "ಗಾಡಿ ಓಡ್ಸೋಳ್ನ ಯಾರು ಒಪ್ತಾರೆ?" ಎಂದು ಅವಳು ಗೊಣಗಿದ್ದು ನಾಗವೇಣಿಯ ಎದೆಯಲ್ಲಿ ಹಾಗೇ ಕೂತಿತ್ತು. ಅಪ್ಪನ ಮಂಡಿ ಕೆಟ್ಟ ಮೇಲೆ ಇನ್ಯಾರು ಓಡಿಸಬೇಕಿತ್ತು?

ಅದಕ್ಕೇ ಇವತ್ತು ವ್ಯಾನನ್ನು ಕೃಷ್ಣಗಿರಿಯ ವ್ಯಾಪಾರಿಯೊಬ್ಬನಿಗೆ ಮಾರಿಬಿಡಲು ಹೊರಟಿದ್ದಳು.

"ಬಿಸಿ ಇದ್ದಾಗ ತೆಗೀಬಾರ್ದು ಅಂತ ನಂಗೊತ್ತು," ಅಂದಳು ಬಿಗಿಯಾಗಿ. "ಎಷ್ಟು ಕಾದೈತೆ ಅಂತ ನೋಡ್ತಿದ್ದೆ. ನೀವು ಹೊರಡಿ. ಶಿಫ್ಟ್ ಮುಗ್ಸಿ ಮನೆಗೆ ಹೋಗ್ತಿದ್ದೀರ."

"ಮನೆ ಎಲ್ಲೂ ಓಡೋಗಲ್ಲ."

ಅವನು ಹೋಗಲಿಲ್ಲ. ಬೇವಿನ ಮರದ ನೆರಳಲ್ಲಿ ಇಬ್ಬರೂ ದೂರ ದೂರ ನಿಂತರು. ಅವನು ಲಾರಿಗಳನ್ನು ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿರಲಿಲ್ಲ... ಹಾಗೆಂದುಕೊಂಡಿದ್ದಳು.

ಆವಿ ನಿಂತು ಇಂಜಿನ್ ಆರಿದ ಮೇಲೆ ಒದ್ದೆ ಬಟ್ಟೆ ಹಾಕಿ ನಿಧಾನ ಮುಚ್ಚಳ ತಿರುಗಿಸಿದಳು. ನೀರು ಸ್ವಲ್ಪವೇ ಇಳಿದಿತ್ತು. ಪೈಪು ಸೋರುತ್ತಿರಲಿಲ್ಲ. ಕೊನೆಗೆ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಳು. ಹಳೆಯ ಜೋಕಾಲಿಯ ಹಗ್ಗದಂತೆ ಜಗ್ಗಿತು.

"ಇದೇ. ಬೆಲ್ಟು ಜಾರ್ತೈತೆ. ಫ್ಯಾನೂ ತಿರುಗ್ತಿಲ್ಲ, ನೀರಿನ ಪಂಪೂ ತಿರುಗ್ತಿಲ್ಲ. ಏರು ಬಂದ್ರೆ ಕುದೀದೆ ಏನ್ ಮಾಡ್ತದೆ?"

ಗೋಪಿನಾಥ್ ಬಗ್ಗಿ ನೋಡಿದ. "ಅಯ್ಯೋ, ಮತ್ತೆ ಸಡಿಲ ಆಯ್ತಾ?"

"ಮತ್ತೆ ಅಂದ್ರೆ?"

ಅವನು ತಲೆ ಕೆರೆದುಕೊಂಡ. "ಅವತ್ತು ನೀವು ಗಾಡಿ ತಂದು ನಿಲ್ಸಿದಾಗ ಬೆಲ್ಟು ಕೀಚ್ ಅಂತಿತ್ತು. ಒಳಗೆ ಹಿರೀರು ಮಳೆ ಬೆಳೆ ಅಂತ ಮಾತಾಡ್ತಾವ್ರೆ, ನಂಗೆ ಕೂರಕ್ಕೆ ಆಗ್ಲಿಲ್ಲ. ಈ ಹುಡ್ಗಿ ಎಲ್ಲಾದ್ರೂ ಏರಲ್ಲಿ ಒಬ್ಳೇ ನಿಂತ್ಕೋತಾಳಲ್ಲ ಅನ್ನಿಸ್ತು. ನನ್ ಬೈಕಲ್ಲಿದ್ದ ಸ್ಪ್ಯಾನರ್ ತಗೊಂಡು ಬಿಗಿಯಕ್ಕೆ ಹೋದೆ. ಕೈ ತೊಳ್ಕೊಂಡು ಬರೋ ಹೊತ್ಗೆ, ರಾಹುಕಾಲ ಬತ್ತದೆ ಅಂತ ನಮ್ ಮುತ್ತರಾಯಪ್ಪ ಮಾವ ಎಲ್ರನ್ನೂ ಎಬ್ಬಿಸ್ಕೊಂಡು ಹೊಂಟವ್ರೆ."

ನಾಗವೇಣಿ ಮತ್ತೆ ಬೆಲ್ಟಿನತ್ತ ನೋಡಿದಳು. ಆ ಕೀಚಲು ಸದ್ದು ತಾನಾಗಿಯೇ ನಿಂತಿತೆಂದು ಇಷ್ಟು ದಿನ ನಂಬಿದ್ದಳಲ್ಲ!

"ಒಪ್ಪಿದ್ರೆ ಹೇಳಿ ಕಳಿಸ್ಬೋದಿತ್ತು," ಅಂದಳು ಮೆಲ್ಲಗೆ.

"ಕಳಿಸಿದ್ವಲ್ಲ. ಬ್ಯಾಡ ಅಂದ್ರಂತೆ. ನಿಮ್ಗೇ ಇಷ್ಟ ಇಲ್ಲ ಅನ್ಕೊಂಡೆ."

ಅವಳು ತಕ್ಷಣ ಫೋನ್ ತೆಗೆದು ಸ್ಪೀಕರ್ ಹಾಕಿದಳು.

"ಅಜ್ಜಿ, ಗೋಪಿನಾಥ್ ಕಡೆಯೋರು ಆಮೇಲೆ ಕೇಳಿ ಕಳಿಸಿದ್ರಾ?"

"ಕಳಿಸಿದ್ರು. ಸಿಹಿ ಮುಟ್ಟದೋನು ಆಮೇಲೆ ಯಾಕೆ ಕೇಳಿ ಕಳಿಸ್ತಾನೆ ಹೇಳು? ಬೇರೆ ಕಡೆ ಕುದುರಿಲ್ಲ, ಅದಕ್ಕೆ ನಮ್ ಹತ್ರ ಬಂದವ್ನೆ ಅಂತ ನಾನೇ ಬ್ಯಾಡ ಅಂದ್ಬುಟ್ಟೆ. ನಿಂಗೆ ಯಾಕೆ ನೋವು ಅಂತ ಹೇಳ್ಲಿಲ್ಲ."

"ಅಜ್ಜಿ, ಅವ್ರು ನಮ್ ಗಾಡಿ ರಿಪೇರಿ ಮಾಡ್ತಾ ಹೊರಗಿದ್ರಂತೆ."

"ಹೆಣ್ಣು ನೋಡಕ್ಕೆ ಬಂದೋನು ಇಂಜಿನ್ ನೋಡ್ತಿದ್ನಾ? ಅದೇನ್ ಗಂಡೋ! ಈಗೆಲ್ಲವ್ನೆ?"

"ಇಲ್ಲೇ, ಪಕ್ಕದಲ್ಲಿ. ಕೇಳಿಸ್ಕೊಂತಾವ್ರೆ."

ಫೋನ್ ಕಟ್ಟಾಯಿತು. ಗೋಪಿನಾಥ್ ನಗು ತಡೆಯಲು ತಿರುಗಿ ನಿಂತ.

ನಾಗವೇಣಿ ಸ್ಪ್ಯಾನರ್ ತಂದಳು. ಅವನು ಜಾಕಿಯ ರಾಡನ್ನು ಮೀಟುಗೋಲಿನಂತೆ ಕೊಟ್ಟು, ಬೆಲ್ಟ್ ಸುತ್ತಿದ್ದ ಡೈನಮೋವನ್ನು ಹೊರಕ್ಕೆ ಎಳೆದು ಹಿಡಿದ. ಬೆಲ್ಟ್ ಬಿಗಿಯಾಯಿತು. ಅವಳು ಬಗ್ಗಿ ಬೋಲ್ಟ್ ತಿರುಗಿಸಿದಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ಅವತ್ತು ಒಬ್ನೇ ಬಿಗ್ದಿದ್ದೆ, ಅದಕ್ಕೇ ನಿಲ್ಲಲಿಲ್ಲ," ಅಂದ. "ಇದು ಇಬ್ರು ಮಾಡೋ ಕೆಲ್ಸ."

ನೀರು ತುಂಬಿ ಇಂಜಿನ್ ಚಾಲೂ ಮಾಡಿದಳು. ಬಿಸಿ ತೋರುವ ಮೀಟರಿನ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು.

"ಎಲ್ಲಿಗೆ ಹೊಂಟಿದ್ರಿ?" ಕಿಟಕಿಯ ಬಳಿ ಬಂದು ಕೇಳಿದ.

"ಕೃಷ್ಣಗಿರಿಗೆ, ಗಾಡಿ ಮಾರಕ್ಕೆ. ಓಡ್ಸೋಳ್ನ ಯಾರೂ ಒಪ್ಪಲ್ಲ ಅಂತ..."

ಗೋಪಿನಾಥ್ ಕಿಟಕಿಯ ಅಂಚು ಹಿಡಿದುಕೊಂಡ.

"ನಾಗವೇಣಿ, ಸೀರೆ ಉಟ್ಟು ಬಂದೋಳ್ನ ನಾನು ಸರಿಯಾಗಿ ನೋಡೇ ಇಲ್ಲ. ನಾನು ಒಪ್ಪಿದ್ದು ಈ ಗಾಡಿಯಿಂದ ಇಳಿದೋಳ್ನ. ಇವತ್ತೂ ಅವ್ಳನ್ನೇ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಸ್ಟೇರಿಂಗನ್ನು ಕೃಷ್ಣಗಿರಿ ಬಿಟ್ಟು ಮನೆಯ ದಾರಿಗೆ, ಹೊಸೂರಿನ ಕಡೆಗೆ ಪೂರ್ತಿ ತಿರುಗಿಸಿದಳು.

"ಭಾನುವಾರ ನಿಮ್ ಮನೆಯೋರೆಲ್ಲ ರೆಡಿಯಾಗಿರಿ. ನಾನೇ ಬಂದು ನಮ್ ಮನೆಗೆ ಕರ್ಕೊಂಡು ಹೋಗ್ತೀನಿ."

"ಹುಡ್ಗೀನೇ ಬಂದು ಗಂಡಿನ ಕಡೆಯೋರ್ನ ಕರ್ಕೊಂಡು ಹೋಗೋದಾ? ನಮ್ಮಮ್ಮ ಏನಂತಾರೋ!"

"ಮುಂದಿನ ಸೀಟು ಅವ್ರಿಗೇ ಅಂತ ಹೇಳಿ."

"ಮತ್ತೆ ನಾನು?"

"ಹಿಂದೆ, ಹೂವಿನ ಕ್ರೇಟ್ ಜೊತೆ."

"ಕೂತ್ಕೋತೀನಿ," ಅಂದ ಅವನು.