ಸ್ಮಿತಾಳ ಭುಜ

ಎತ್ತರಕ್ಕೆ ಹಾರಿ ಚೆಂಡು ಹಿಡಿದ ಭೂಮಿಕಾ, ಗೆರೆಯಾಚೆ ನಿಂತಿದ್ದ ಯುವಕನ ಮೇಲೆಯೇ ಬಿದ್ದಳು. ಅವನ ಮೂಗಿನಿಂದ ರಕ್ತ ಸುರಿಯಿತು.

"ಅಯ್ಯೋ ದೇವ್ರೇ..." ಜರ್ಮನಿಯ ಆ ಮೈದಾನದಲ್ಲಿ ಅವನು ಕನ್ನಡದಲ್ಲಿ ನರಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ತಲೆ ಮುಂದಕ್ಕೆ ಬಗ್ಗಿಸಿ. ನಾನು ಡಾಕ್ಟರ್." ಅವಳ ಬೆರಳುಗಳು ಹತ್ತು ನಿಮಿಷ ಅವನ ಮೂಗನ್ನು ಒತ್ತಿ ಹಿಡಿದಿದ್ದವು.

ಅವನ ಹೆಸರು ಯಶವಂತ್. ಪಕ್ಕದ ಎಷ್‌ಬಾರ್ನ್ ಪಟ್ಟಣದ ಐಟಿ ಕಂಪನಿಯವನು. ಅಂದಿನಿಂದ ಅವಳ ಮಹಿಳಾ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡದ ಸ್ಕೋರ್ ಬರೆಯಲು ತಪ್ಪದೆ ಬಂದ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್‌ಬಾಲ್ ಅದು. ತಪ್ಪಿಸತೊಡಗಿದ್ದು ಭೂಮಿಕಾ. ಆಸ್ಪತ್ರೆಯ ಮೂಳೆ ವಿಭಾಗದ ಡ್ಯೂಟಿ ಪಂದ್ಯದ ಒಂದು ಶನಿವಾರವನ್ನೂ ಅವಳಿಗೆ ಬಿಡಲಿಲ್ಲ. ತಂಡದಲ್ಲಿ ಅವಳ ಜಾಗಕ್ಕೆ ಮೈಸೂರಿನ ಸ್ಮಿತಾ ಬಂದಳು.

ಒಂದು ಸಂಜೆ ಡ್ಯೂಟಿ ಮುಗಿಸಿ ಓಡಿಬಂದರೆ, ಮೈದಾನದಲ್ಲಿ ಉಳಿದಿದ್ದವರು ಇಬ್ಬರೇ. ಸ್ಮಿತಾ ಯಶವಂತನ ಕೈ ಹಿಡಿದು, ಚೆಂಡನ್ನು ಕಾಲಿಗೆ ಹೇಗೆ ಬಿಡಬೇಕೆಂದು ತೋರಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ನನ್ನ ಜಾಗವೊಂದು ಸಾಲಲಿಲ್ಲವೇ ಇವಳಿಗೆ?

ಭೂಮಿಕಾ ಹಾಗೆಯೇ ಎಸ್-ಬಾನ್ ರೈಲು ಹತ್ತಿದಳು. ಮೂರು ವಾರ ಅವನ ಮೆಸೇಜುಗಳಿಗೆ ಉತ್ತರಿಸಲಿಲ್ಲ.

ಬರ್ಲಿನ್ ತಂಡದ ವಿರುದ್ಧದ ಪಂದ್ಯದ ದಿನ ಕೊನೆಗೂ ರಜ ಸಿಕ್ಕಿ ಅವಳು ಬೆಂಚಿನ ಮೇಲಿದ್ದಳು. ಸ್ಮಿತಾ ಭುಜದ ಮೇಲೆ ಬಿದ್ದು ಚೀರಿದಳು. ಮೊದಲು ಓಡಿದವನು ಯಶವಂತ್.

"ಭೂಮಿ, ಬೇಗ ಬಾ..."

ಅವಳಿಗಾಗಿ ಇಷ್ಟು ಗಾಬರಿಯೇ?

ಭೂಮಿಕಾ ಓಡಿಬಂದು ಸ್ಮಿತಾಳ ಪಕ್ಕ ಬಗ್ಗಿದಳು.

"ನೀನು ಆಡು, ಒಳಗೆ ಹೋಗು," ಎಂದರು ಕೋಚ್ ಜರ್ಮನ್‌ನಲ್ಲಿ. ಎರಡು ತಿಂಗಳಿಂದ ಅವಳು ಕಾದಿದ್ದ ಮಾತು.

ಸ್ಮಿತಾ ಅವಳ ಜೆರ್ಸಿ ಹಿಡಿದಳು. "ಹೋಗ್ಬೇಡ ಭೂಮಿಕಾ. ಆಸ್ಪತ್ರೇಲಿ ಮಾತಾಡೋಕೆ ನಂಗೆ ಜರ್ಮನ್ ಬರಲ್ಲ."

ಭೂಮಿಕಾ ಮೈದಾನದತ್ತ ನೋಡಿದಳು. ನಂತರ ಸ್ಮಿತಾಳ ನಾಡಿ ನೋಡಿ, ತೋಳು ಕಟ್ಟಿ, ಅವಳ ಜೊತೆ ಆಂಬುಲೆನ್ಸ್ ಹತ್ತಿದಳು.

"ನನ್ ಮೇಲೆ ಸಿಟ್ಟಾ?" ಸ್ಮಿತಾ ಕೇಳಿದಳು.

"ಹೌದು."

"ಯಶವಂತ್ ವಿಷ್ಯಕ್ಕಾ? ಆ ಪ್ರಾಣಿ ಆರು ವಾರದಿಂದ ನನ್ನ ತಲೆ ತಿಂತಿದಾನೆ. ನಿಂಗೆ ರಜ ಸಿಕ್ಕ ದಿನ ಜೊತೆಗೆ ಆಡೋಕೆ ಯಾರೂ ಇರಲ್ವಂತೆ, ಅದಕ್ಕೆ ತಾನು ಕಲೀಬೇಕಂತೆ. ಇನ್ನೂ ನೆಟ್ಟಗೆ ಒದೆಯೋಕೆ ಬರಲ್ಲ."

ಭೂಮಿಕಾ ಸ್ಮಿತಾಳ ತೋಳಿನ ಕಟ್ಟನ್ನು ಮೆಲ್ಲಗೆ ಸರಿಪಡಿಸಿದಳು.

ಎಕ್ಸ್-ರೇ ಮುಗಿದು, ಭುಜ ಸ್ವಸ್ಥಾನಕ್ಕೆ ಬರುವ ವೇಳೆಗೆ ಯಶವಂತ್ ಕಾರಿಡಾರಿನಲ್ಲಿದ್ದ.

"ಸೋತ್ವಿ," ಎಂದ.

"ಯಶ್, ನಂಗೆ ಹೊಟ್ಟೆಕಿಚ್ಚಾಗಿತ್ತು. ಅವಳು ಬಿದ್ದಾಗ ಒಂದು ಕ್ಷಣ... ಖುಷಿ ಆಯ್ತು. ಡಾಕ್ಟರ್ ನಾನು. ನಾಚಿಕೆ ಆಗತ್ತೆ ಹೇಳೋಕೆ."

ಅವನು ಅವಳ ಪಕ್ಕಕ್ಕೆ ಬಂದು ನಿಂತ.

"ಆಮೇಲೆ ಆಟ ಬಿಟ್ಟು ಅವಳ ಜೊತೆ ಬಂದೆಯಲ್ಲ."

"ಅದು ನನ್ನ ಕೆಲಸ."

"ನಂಗೂ ಹೊಟ್ಟೆಕಿಚ್ಚಿದೆ ಭೂಮಿ. ನಿನ್ನ ಪೇಷಂಟ್‌ಗಳ ಮೇಲೆ, ಆ ಚೆಂಡಿನ ಮೇಲೆ. ಎರಡನ್ನೂ ಬಿಡು ಅಂತ ಯಾವತ್ತೂ ಕೇಳಲ್ಲ. ಆದ್ರೆ ಮಧ್ಯ ಒಂಚೂರು ಜಾಗ ಕೊಡ್ತೀಯಾ? ನಿನ್ನ ಪ್ರೀತಿಸ್ತೀನಿ."

ಅವಳು ಅವನ ಎದೆಗೆ ಹಣೆ ಒರಗಿಸಿದಳು.

"ಭಾನುವಾರ ನಂಗೆ ರಜ. ಬೆಳಿಗ್ಗೇನೇ ಬಾ."

"ಚೆಂಡು ತರ್ಲಾ?"

"ಬೇಡ... ನೀನೊಬ್ಬನೇ ಬಾ."