ಕೆಂಪು ಕೂದಲಿನ ಮೊದಲ ಅತಿಥಿ

ಹೊಸ ವರ್ಷದ ದಿನ ಮನೆಯೊಳಗೆ ಮೊದಲು ಕಾಲಿಡುವವನು ಕಪ್ಪು ಕೂದಲಿನವನಾಗಿರಬೇಕು. ಕೆಂಪು ಕೂದಲಿನವನು ಬಂದನೋ ಮುಗಿಯಿತು, ವರ್ಷವಿಡೀ ಅಪಶಕುನ. ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದರೂ ಆ ಸ್ಕಾಟಿಷ್ ಜನ ಈ ನಂಬಿಕೆಯನ್ನು ಬಿಟ್ಟುಬಂದಿರಲಿಲ್ಲ. ಪಾಪ, ಅವರಿಗೆ ಊರು ಕಟ್ಟಿಕೊಟ್ಟ ಕ್ಯಾಪ್ಟನ್ ಡೂಗಲ್‌ನ ತಲೆಯೋ, ಒಲೆಯ ಕೆಂಡ!

ಅಂಥವನು ಆ ಬೆಳಿಗ್ಗೆ, ಮೊದಲ ಅತಿಥಿ ತರಬೇಕಾದ ಕಾಣಿಕೆಯಾದ ಕಲ್ಲಿದ್ದಲಿನ ತುಂಡು ಹಿಡಿದು ವಿಧವೆ ಮೊರಾಗ್‌ಳ ಬಾಗಿಲಲ್ಲಿ ನಿಂತಿದ್ದ.

"ಅಯ್ಯೋ ಕ್ಯಾಪ್ಟನ್ನೋರೇ, ಟೋಪಿ ಹಾಕ್ಕೊಂಡ್ರೆ ಕೂದ್ಲು ಕಾಣಲ್ಲ ಅಂದ್ಕೊಂಡ್ರಾ?"

ಟೋಪಿಯಂಚಿನಿಂದ ಇಣುಕಿದ ಒಂದು ಕೆಂಪು ಎಳೆಯ ಮೇಲೆ ಅವಳ ಕಣ್ಣು ನಿಂತಿತು. ತುಟಿಯಂಚಿನಲ್ಲಿ ನಗು.

"ಬೇರೆ ಯಾರಾದ್ರೂ ಮೊದ್ಲು ಬಂದು ಹೋಗ್ಲಿ ಅಂತ ಬೇಲಿ ಹತ್ರ ಕಾದೆ. ಒಬ್ನೂ ಬರ್ಲಿಲ್ಲ."

"ಬರೋರಿಗೆಲ್ಲ ನಾನೇ ಬೇಡ ಅಂದಿದ್ದೆ." ಅವಳ ಕೆನ್ನೆ ಕೆಂಪಾಯಿತು. "ಶಕುನ ನೋಡಿ ನೋಡಿ ಸಾಕಾಗಿದೆ. ಒಳಗೆ ಬನ್ನಿ, ಓಟ್ಸ್ ರೊಟ್ಟಿ ತಣ್ಣಗಾಗ್ತಿದೆ."

ಈ ಮಾತಿಗಾಗಿ ಅವನು ಎಷ್ಟು ಕಾದಿದ್ದ! ಆದರೆ ಯುದ್ಧದಲ್ಲಿ ತೋಪಿಗೆ ಎದೆಯೊಡ್ಡಿದವನು ಹೊಸ್ತಿಲ ಆಚೆಯೇ ನಿಂತುಬಿಟ್ಟ. ಗೋಡೆಯ ಮೊಳೆಯಲ್ಲಿ ನೀಲ್‌ನ ಟೋಪಿ ಇನ್ನೂ ತೂಗುತ್ತಿತ್ತು. ನೀಲ್ ಅವಳ ಗಂಡ, ಇವನ ಸೈನ್ಯದ ಗೆಳೆಯ. ಎರಡು ವರ್ಷದ ಹಿಂದಿನ ನೆರೆಯಲ್ಲಿ ಕೊಚ್ಚಿಹೋಗಿದ್ದ.

"ಮೊರಾಗ್, ಮೊದ್ಲು ಒಂದು ಮಾತು ಕೇಳು. ಆಮೇಲೆ ಬೇಕಾದ್ರೆ ಬಾಗಿಲು ಹಾಕ್ಕೋ."

"ಏನು ಹಂಗಂದ್ರೆ?"

"ಊರಿಗೆ ಈ ಹೊಳೆದಂಡೆ ಆರಿಸಿದ ದಿನ, ಮರದ ಕವೆಯಲ್ಲಿ, ನನ್ನ ತಲೆಗಿಂತ ಮೇಲೆ, ಒಣಗಿದ ಜೊಂಡು ಸಿಕ್ಕೊಂಡಿತ್ತು. ನೀರು ಅಲ್ಲೀವರೆಗೂ ಬರುತ್ತೆ ಅಂತ ಗೊತ್ತಾಯ್ತು. ಈ ನೆಲದ ಮೂಲದ ಜನಾನೂ ದಿಬ್ಬ ಬಿಟ್ಟು ಕೆಳಗೆ ಬಿಡಾರ ಹಾಕ್ತಿರ್ಲಿಲ್ಲ. ಆದ್ರೆ ನಾನು ನಿಮ್ಮೆಲ್ರ ಮುಂದೆ ಈ ಜಾಗದ ಬಗ್ಗೆ ಜಂಬ ಕೊಚ್ಕೊಂಡಾಗಿತ್ತು. ಯಾರಿಗೂ ಕಾಣ್ದಂಗೆ ಆ ಜೊಂಡು ಕಿತ್ತು ಬಿಸಾಕ್ದೆ. ನೆರೆ ಬಂದ್ಮೇಲೂ, ಇಂಥದ್ದು ಇನ್ನು ನಮ್ಮ ಕಾಲದಲ್ಲಿ ಬರಲ್ಲ ಅಂತ ಸುಳ್ಳು ಹೇಳ್ದೆ."

ಅವಳ ಮುಖ ಬಿಳುಚಿಕೊಂಡಿತು.

"ಅವನ ಹೆಣ ಹುಡುಕೋಕೆ ನೀನೂ ನನ್ ಜೊತೆ ನೀರಿಗೆ ಇಳಿದಿದ್ದೆ," ಎಂದಳು. ಬಹುವಚನ ಎಲ್ಲಿ ಹೋಯಿತೋ. "ಆಗ್ಲೂ ಬಾಯಿ ಬಿಡ್ಲಿಲ್ಲ."

"ಆಗ ನಾಚಿಕೆ. ಆಮೇಲೆ ನಿನ್ನ ಕಳ್ಕೋತೀನಿ ಅನ್ನೋ ಭಯ."

"ಈಗ ಯಾಕೆ ಹೇಳ್ದೆ?"

"ನೀನಂದ್ರೆ ಪ್ರಾಣ ಕಣೇ. ಆ ಟೋಪಿ ಪಕ್ಕ ನನ್ನ ಟೋಪಿ ಯಾವ ಮುಖ ಇಟ್ಕೊಂಡು ತೂಗುಹಾಕ್ಲಿ?"

ಅವಳು ಏಪ್ರನ್ನಿಗೆ ಮುಖ ಒತ್ತಿ ಅತ್ತಳು. ತುಂಬಾ ಹೊತ್ತು ಅತ್ತಳು. ಕೈಚಾಚಿದರೆ ಸಿಗುವಷ್ಟು ಹತ್ತಿರವಿದ್ದರೂ ಅವಳನ್ನು ಮುಟ್ಟುವ ಧೈರ್ಯ ಅವನಿಗಾಗಲಿಲ್ಲ. ಕೊನೆಗೆ ಅವಳು ತಲೆಯೆತ್ತಿ ಬಯಲಿನತ್ತ ನೋಡಿದಳು. ಮನೆಮನೆಯಿಂದಲೂ ಹೊಗೆ ಏಳುತ್ತಿತ್ತು.

"ಅಲ್ಲೂ ಗಂಡ, ಮಕ್ಕಳು ಇದಾರೆ. ಹೋಗು. ಪ್ರತಿ ಮನೆಗೂ ಹೋಗಿ ನಂಗೆ ಹೇಳಿದ್ದನ್ನೇ ಹೇಳು. ಊರು ದಿಬ್ಬ ಹತ್ತಲಿ."

"ಮುಖಕ್ಕೆ ಉಗೀತಾರೆ."

"ಉಗೀಲಿ. ನಾನೇನು ನಿನ್ನ ಕ್ಷಮಿಸಿಬಿಟ್ಟೆ ಅಂದ್ಕೊಂಡ್ಯಾ?"

ಸಂಜೆ ಅವನು ಮರಳಿದಾಗ ಹುಬ್ಬು ಊದಿತ್ತು, ಕೋಟು ಹರಿದಿತ್ತು, ಟೋಪಿ ಎಲ್ಲೋ ಬಿದ್ದುಹೋಗಿತ್ತು. ಕೆಳಗೆ ಜನ ಬೈಯುತ್ತಲೇ ಎತ್ತಿನ ಗಾಡಿಗೆ ಸಾಮಾನು ಹೇರುತ್ತಿದ್ದರು. ಮೊರಾಗ್ ಹೊಸ್ತಿಲಲ್ಲೇ ಕೂತಿದ್ದಳು.

"ನಂಗಿನ್ನೂ ಕೋಪ ಇದೆ."

"ಗೊತ್ತು."

"ನಾಳೇನೂ ಇರುತ್ತೆ."

"ಇರ್ಲಿ."

"ಮಧ್ಯಾಹ್ನ ಕಪ್ಪು ಕೂದಲಿನೋನೊಬ್ಬ ಬಂದಿದ್ದ. ಹೊರಗಿಂದಲೇ ಕಳಿಸ್ದೆ."

ಅವನ ಮುಷ್ಟಿಯಲ್ಲಿ ಬೆಳಗಿನ ಕಲ್ಲಿದ್ದಲು ಹಾಗೇ ಇತ್ತು. ಅವಳು ಅದನ್ನು ಬಿಡಿಸಿಕೊಂಡಳು. ಅವಳ ಬೆರಳೂ ಕಪ್ಪಾಯಿತು. ಆಮೇಲೆ ಎದ್ದು, ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.